ಅರೆಯುವ ಕಲ್ಲಿನ ಜಪ

ಸೀತಮ್ಮನವರಿಗೆ ಹೆಮ್ಮೆಪಡುವುದಕ್ಕೆ ಎರಡೇ ಸಂಗತಿಗಳಿದ್ದವು. ಮಗ ಕೃಷ್ಣಯ್ಯ ಬಿ.ಎ. ಓದಿದ್ದು ಒಂದು. ಸೊಸೆ ಸುಗಂಧಿ ಅರೆಯುವ ಕಲ್ಲಿನ ಮುಂದೆ ಕೂತಾಗಲೂ ಜಪ ಬಿಡದಿದ್ದದ್ದು ಇನ್ನೊಂದು. ಬಿ.ಎ. ಓದಿದವರು ಆ ಕಾಲದ ಕುಂದಾಪುರದಲ್ಲಿ ಇನ್ನೂ ನಾಲ್ಕಾರು ಮಂದಿ ಇದ್ದರೆನ್ನಿ. ಅದಕ್ಕೇ ಇರಬೇಕು, ಮುದುಕಿ ಬರಬರುತ್ತ ಮಗನನ್ನು ಬಿಟ್ಟು ಸೊಸೆಯನ್ನೇ ಹಿಡಿದುಕೊಂಡಿದ್ದರು.

"ಕಾಣ್ ಪದ್ದು, ನನ್ ಸೊಸಿ ತುಟಿ ಕಾಣ್," ಎಂದು ನೆರೆಮನೆಯ ಪದ್ದುವನ್ನು ಅಡುಗೆಮನೆಯ ಬಾಗಿಲವರೆಗೂ ಕರೆತಂದು ತೋರಿಸುತ್ತಿದ್ದರು. "ಉದ್ದ್ ಅರೆವಾಗ್ಳೂ ದೇವ್ರ್ ನಾಮ ತಪ್ಪೂದಿಲ್ಲ. ಈಗಿನ್ ಕಾಲ್ದಂಗೆ ಎಲ್ಲಿತ್ತ್ ಹೇಳ್ ಇಂಥಾ ಹೆಣ್ಣ್?"

ಪದ್ದು ಅದನ್ನು ಕಣ್ತುಂಬ ನೋಡಿಕೊಂಡು ಹೋಗಿ ತನ್ನ ಸೊಸೆಯ ಮೇಲೆ ಹಾರಾಡುತ್ತಿದ್ದಳು. ಸುಗಂಧಿ ತಲೆ ಎತ್ತುತ್ತಿರಲಿಲ್ಲ. ಅವಳ ತುಟಿ ಆಡುತ್ತಿದ್ದದ್ದು ನಿಜ. ಆದರೆ ತುಟಿಯಲ್ಲಿದ್ದದ್ದು ರಾಮನೂ ಅಲ್ಲ, ಕೃಷ್ಣನೂ ಅಲ್ಲ. ಆ ಹೊತ್ತಿಗೆ ಅವಳು ರಂಗೂನಿನಲ್ಲಿರುತ್ತಿದ್ದಳು. ಎದುರಿಗೆ ಚಾಪೆಯ ಮೇಲೆ ಬರ್ಮಾದ ಹೆಂಗಸರು ಸಾಲಾಗಿ ಕೂತಿರುತ್ತಿದ್ದರು. ಒಬ್ಬಳ ಬೆರಳ ಸಂದಿಯಲ್ಲಿ ಚುಟ್ಟಾ ಹೊಗೆಯಾಡುತ್ತಿರುತ್ತಿತ್ತು. ಸುಗಂಧಿ ಅವರಿಗೆ ಇಂಗ್ಲಿಷ್ ಹೇಳಿಕೊಡುತ್ತಿರುತ್ತಿದ್ದಳು. ವಾಟ್ ಈಸ್ ದ ಪ್ರೈಸ್? ದಿಸ್ ಈಸ್ ಗುಡ್ ಸಿಲ್ಕ್. ಎಲ್ಲವೂ ತುಟಿಯಲ್ಲಿ ಮಾತ್ರ. ಸ್ವರ ಹೊರಡಿಸುವ ಹಾಗಿರಲಿಲ್ಲ. ಪರದೇಶದ ಮಾತು ಬಾಯಿಂದ ಹೊರಡಕೂಡದು ಎಂದು ಹಟ್ಟಿಯಂಗಡಿಯ ಗಣಪತಿಯ ಮುಂದೆ ಆಣೆಯಾಗಿತ್ತು. ಆಣೆ ಹಾಕಿಸಿದವರು ಇದೇ ಸೀತಮ್ಮ.

ಅದನ್ನು ಹೇಳಬೇಕಾದರೆ ಒಮ್ಮೆ ರಂಗೂನಿಗೆ ಹೋಗಿ ಬರಬೇಕು.

ಸುಗಂಧಿ ಬೈಂದೂರಿನ ಹುಡುಗಿ, ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಮದುವೆಯಾಗಿ ಬಂದಾಗ ಗಂಡ ಬಿ.ಎ. ಮುಗಿಸಿ ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸುತ್ತಿದ್ದ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರ ಕಡೆಯಿಂದ ರಂಗೂನಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರಿಕೆ ಸಿಕ್ಕಿತು. ಸೀತಮ್ಮ ಕಡಲು ದಾಟುವುದು ಬೇಡವೆಂದು ಅತ್ತರು, ಕರೆದರು, ಎರಡು ಹೊತ್ತು ಊಟ ಬಿಟ್ಟರು. ಗಂಡ ಹೆಂಡತಿ ಮದರಾಸಿಗೆ ಹೋಗಿ ಹಡಗು ಹತ್ತಿಯೇಬಿಟ್ಟರು.

ಕೃಷ್ಣಯ್ಯ ಇಂಗ್ಲಿಷಿನಲ್ಲಿ ಹುಲಿ. ಬರ್ಮಾದ ಮಾತಿನಲ್ಲಿ ಮಾತ್ರ ಅವನ ನಾಲಗೆ ಹೊರಳಲೊಲ್ಲದು. ಪುಸ್ತಕ ತರಿಸಿ ಓದಿದ, ಗೋಡೆಗೆ ಅಕ್ಷರ ಬರೆದು ಅಂಟಿಸಿದ. ಆದರೂ ಅಂಗಡಿಯಲ್ಲಿ ಉಪ್ಪು ಕೇಳಿದರೆ ಬೇರೇನನ್ನೋ ಕಟ್ಟಿಕೊಡುತ್ತಿದ್ದರು. ಸುಗಂಧಿಗೆ ಪುಸ್ತಕದ ಗೊಡವೆಯೇ ಬೇಕಾಗಲಿಲ್ಲ. ಅವಳಿಗೆ ತರಕಾರಿ ತರಬೇಕಿತ್ತು, ನಲ್ಲಿಯ ಹತ್ತಿರ ಜಗಳ ಆಡಬೇಕಿತ್ತು, ಪಕ್ಕದ ಮನೆಯ ಮ ಖಿನ್ ಜೊತೆ ಕೂತು ಸುಖದುಃಖ ಹೇಳಿಕೊಳ್ಳಬೇಕಿತ್ತು. ವರ್ಷ ತುಂಬುವ ಮೊದಲೇ ಬೈಂದೂರಿನ ಹುಡುಗಿ ಬರ್ಮಾದವರ ಬಾಯಿ ಕಟ್ಟುವ ಹಾಗೆ ಚೌಕಾಸಿ ಮಾಡತೊಡಗಿದ್ದಳು.

ಸಂಜೆ ಹೊತ್ತು ಕೃಷ್ಣಯ್ಯ ಮನೆಯಲ್ಲೂ ಪಾಠ ಹೇಳುತ್ತಿದ್ದ. ಬರ್ಮಾದ ಹುಡುಗರಿಗೆ ಇಂಗ್ಲಿಷ್ ಮಾತಿನ ಅರ್ಥ ಹೇಳಬೇಕಾದಾಗಲೆಲ್ಲ ಅವನ ಬಂಡಿ ಕೆಸರಿಗೆ ಸಿಕ್ಕುತ್ತಿತ್ತು. ಆಗ ಅಡುಗೆಮನೆಯ ಪರದೆಯ ಹಿಂದಿನಿಂದ ಒಗ್ಗರಣೆಯ ಚಟಪಟದ ನಡುವೆ ಅವನ ಕೈಸನ್ನೆಗೆ ತಕ್ಕ ಬರ್ಮಾದ ಒಂದು ಶಬ್ದ ತೂರಿಬರುತ್ತಿತ್ತು. ಹುಡುಗರು ಓಹೋ ಎನ್ನುತ್ತಿದ್ದರು, ಬಂಡಿ ಮುಂದೆ ಹೋಗುತ್ತಿತ್ತು. ಹೀಗೆ ಗಂಡನ ಬಂಡಿ ನೂಕುತ್ತ ನೂಕುತ್ತ ಸುಗಂಧಿಗೆ ತನಗೇ ಗೊತ್ತಿಲ್ಲದೆ ಇಂಗ್ಲಿಷ್ ಬಂದುಬಿಟ್ಟಿತು. ಕನ್ನಡದ ಮೂಲಕ ಬಂದದ್ದಲ್ಲ ಅದು, ಬರ್ಮಾದ ಮೂಲಕ ಬಂದದ್ದು.

ಮ ಖಿನ್‌ಗೆ ರೇಷ್ಮೆ ಅಂಗಡಿ ಇತ್ತು. ಹಡಗಿನಿಂದ ಇಳಿದ ದೊರೆಸಾನಿಯರು ಬಂದರೆ ನಡುವೆ ದಲಾಲಿ ನಿಂತು ಮಾತಾಡಿ ಅರ್ಧ ಲಾಭ ನುಂಗುತ್ತಿದ್ದ. "ನನ್ನ ರೇಷ್ಮೆ ಬಗ್ಗೆ ನಾನೇ ಮಾತಾಡಬೇಕು, ನಿನ್ನ ಗಂಡನಿಗೆ ಕಲಿಸಲು ಹೇಳು" ಎಂದು ಅವಳು ಪಟ್ಟು ಹಿಡಿದಳು. ಒಂದು ದಿನ ತನ್ನಂಥ ನಾಲ್ಕೈದು ಅಂಗಡಿ ಹೆಂಗಸರನ್ನು ಕಟ್ಟಿಕೊಂಡು ಬಂದು ಜಗಲಿಯಲ್ಲಿ ಕೂತಳು. ಕೆನ್ನೆಗೆಲ್ಲ ಚಂದನದ ಹಾಗಿನ ಲೇಪ, ತಲೆಯಲ್ಲಿ ಹೂವು, ಬಾಯಲ್ಲಿ ಚುಟ್ಟಾ. ಕೃಷ್ಣಯ್ಯ ಒಮ್ಮೆ ಇಣುಕಿ ನೋಡಿದವನು ಬೆವರಿ ಒಳಗೆ ಬಂದ.

"ನನ್ನಿಂದ ಆಪ್ದಿಲ್ಲ ಮಾರಾಯ್ತಿ. ನೀನೇ ಹೇಳ್ಕೊಡ್."

ಸುಗಂಧಿ ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಒಂದು ವಾಕ್ಯ ಹೇಳಿದಳು, ಅವರು ಹೇಳಿದರು. ಇನ್ನೊಂದು ಹೇಳಿದಳು. ಪಾಠ ಮುಗಿದು ಏಳುವಾಗ ಆ ಹೆಂಗಸರೆಲ್ಲ ಕೈಮುಗಿದು ಅವಳನ್ನು "ಸಯಾಮ" ಎಂದರು. ಮಾಸ್ತರರ ಹೆಂಡತಿಗೆ ಆ ಭಾಷೆಯಲ್ಲಿ ಬೇರೆಯೇ ಹೆಸರಿದೆ. ಸಯಾಮ ಎಂದರೆ ಕಲಿಸುವವಳು. ಅಲ್ಲಿಯವರೆಗೆ ಅವಳು ಇಂಥವರ ಮಗಳು, ಇಂಥವರ ಸೊಸೆ, ಇಂಥವರ ಹೆಂಡತಿ ಆಗಿದ್ದಳು. ಅವಳದ್ದೇ ಆದ ಹೆಸರೊಂದು ಸಿಕ್ಕಿದ್ದು ಅದೇ ಮೊದಲು. ಆ ಸಂಜೆ ಅವಳು ಸಾರಿಗೆ ಉಪ್ಪು ಹಾಕಲು ಮರೆತಳು. ಕೃಷ್ಣಯ್ಯ ತಾನೇ ಉಪ್ಪು ಬೆರೆಸಿಕೊಂಡು ಉಂಡ.

ಆ ವರ್ಷಗಳು ಹೇಗೆ ಕಳೆದವೋ. ಮಗಳು ಹುಟ್ಟಿದಳು. ಕೃಷ್ಣಯ್ಯನ ವಿದ್ಯಾರ್ಥಿಗಳು ಅವಳನ್ನು 'ಬೇಬಿ' ಎಂದು ಕರೆದು ಕರೆದು ಅದೇ ಹೆಸರಾಯಿತು. ಮಗು ಹೆಚ್ಚು ಹೊತ್ತು ಮ ಖಿನ್ ಮನೆಯಲ್ಲೇ ಇರುತ್ತಿದ್ದುದರಿಂದ ಅವಳ ಮೊದಲ ಮಾತೂ ಬರ್ಮಾದ್ದೇ. ಮ ಖಿನ್ ಎರಡೇ ವರ್ಷದಲ್ಲಿ ದಲಾಲಿಯನ್ನು ಅಂಗಡಿ ಮೆಟ್ಟಿಲು ಇಳಿಸಿದಳು. ಹತ್ತಿರದ ಬೀದಿಗಳ ಹೆಂಗಸರೂ ಪಾಠಕ್ಕೆ ಬರತೊಡಗಿದರು. ಆಮೇಲೆ ಯುದ್ಧ ಬಂತು. ೧೯೪೧ರ ಡಿಸೆಂಬರಿನಲ್ಲಿ ರಂಗೂನಿನ ಮೇಲೆ ಬಾಂಬು ಬಿತ್ತು. ಕೃಷ್ಣಯ್ಯ ಯಾರ ಯಾರ ಕೈಕಾಲು ಹಿಡಿದನೋ, ಅಂತೂ ಒಂದು ಹಡಗಿನಲ್ಲಿ ಮೂವರಿಗೂ ಜಾಗ ಸಿಕ್ಕಿತು. ಮ ಖಿನ್ ಬಂದರಿನವರೆಗೂ ಬಂದಿದ್ದಳು. ಕಲಿತ ಇಂಗ್ಲಿಷಿನಲ್ಲಿ ಏನೋ ಹೇಳಲು ಹೊರಟು, ಆಗದೆ, ತನ್ನ ಭಾಷೆಯಲ್ಲೇ ಅತ್ತಳು. ಸುಗಂಧಿಯೂ ಅದೇ ಭಾಷೆಯಲ್ಲಿ ಅತ್ತಳು.

ಕುಂದಾಪುರದ ಮನೆ ಸೇರಿದಾಗ ಸೀತಮ್ಮ, ಕಡಲು ದಾಟಿ ಬಂದವರೆಂದು ಪಂಚಗವ್ಯ ಕುಡಿಸಿ ಒಳಗೆ ಕರೆದುಕೊಂಡರು. ಅದು ಅವರ ಶಾಸ್ತ್ರ. ಶಾಸ್ತ್ರ ಮುಗಿದದ್ದೇ ನಾಲ್ಕು ವರ್ಷದ ಮೊಮ್ಮಗಳನ್ನು ಬಾಚಿ ಎತ್ತಿಕೊಂಡರು. ಬೇಬಿ ಅವರ ಮುಖ ನೋಡಿ ಏನೋ ಹೇಳಿದಳು. ಸೀತಮ್ಮನವರಿಗೆ ತಿಳಿಯಲಿಲ್ಲ. ಅವರೇನೋ ಹೇಳಿದರು, ಮಗುವಿಗೆ ಅದು ತಿಳಿಯಲಿಲ್ಲ. ಅಜ್ಜಿ ಮೊಮ್ಮಗಳು ಹಾಗೆಯೇ ದಿನಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

ಒಂದು ಮಧ್ಯಾಹ್ನ ಮಗುವಿಗೆ ಜ್ವರ. ಸುಗಂಧಿ ಬಾವಿಕಟ್ಟೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಬೇಬಿ ಎದ್ದು ಏನನ್ನೋ ಕೇಳಿದಳು. ಸೀತಮ್ಮ ಹಾಲು ತಂದರು, ಬೆಲ್ಲ ತಂದರು, ಮರದ ಬೊಂಬೆ ತಂದರು. ಮಗು ಅದನ್ನೆಲ್ಲ ತಳ್ಳಿ ಕಿರುಚಿ ಕಿರುಚಿ ನೀಲಿಗಟ್ಟಿತು. ಸುಗಂಧಿ ಓಡಿ ಬಂದು ಒಂದು ಮಾತು ಕೇಳಿದಳು, ಒಂದು ಲೋಟ ನೀರು ಕುಡಿಸಿದಳು. ಮಗು ಮಲಗಿತು.

ಸೀತಮ್ಮ ಕಂಬಕ್ಕೆ ಒರಗಿ ಕೂತಿದ್ದರು. "ನನ್ ಮಗ್ನ್ ಕೂಸಿಗ್ ಬಾಯಾರ್ಕಿ ಆದ್ರೆ ನಂಗ್ ಗೊತ್ತಾಪ್ದಿಲ್ಲ," ಎಂದರು. "ನಾ ಅದ್ಕ್ ಎಂತ ಅಜ್ಜಿ ಹಂಗಾರೆ?"

ಮಗುವಿನ ಜ್ವರ ಬಿಟ್ಟ ಮೇಲೆ ಸೀತಮ್ಮ ಎಲ್ಲರನ್ನೂ ಹಟ್ಟಿಯಂಗಡಿಗೆ ಕರೆದುಕೊಂಡು ಹೋದರು. ಗಣಪತಿಯ ಮುಂದೆ ಸೊಸೆಯ ಕೈಯನ್ನು ಹೊಸಿಲ ಮೇಲೆ ಇಡಿಸಿದರು. "ಆ ಪರದೇಶದ್ ಮಾತ್, ಯಾವ್ದೇ ಆಯ್ಲಿ, ಇನ್ ನಿನ್ ಬಾಯಿಂದ ಹೊರಡುಕಾಗ. ಆಣೆ ಮಾಡ್." ಹೊಸಿಲ ಮೇಲಿದ್ದ ಸುಗಂಧಿಯ ಕೈಯನ್ನು ಅತ್ತೆ, ಮುಳುಗುವವರು ದೋಣಿಯ ಅಂಚು ಹಿಡಿದ ಹಾಗೆ, ಹಿಡಿದುಕೊಂಡಿದ್ದರು. ಅದನ್ನು ನೋಡಿ ಸುಗಂಧಿ ಆಣೆ ಮಾಡಿಬಿಟ್ಟಳು. ಕೃಷ್ಣಯ್ಯ ಹೊರಗೆ ನಿಂತು ಹೊಳೆ ನೋಡುತ್ತಿದ್ದ. ಗಂಡಸರಿಗೆ ಇಂಥ ಹೊತ್ತಿನಲ್ಲಿ ಹೊಳೆ ನೋಡುವ ಕೆಲಸವಿರುತ್ತದೆ.

ಬೇಬಿ ಆರೇ ತಿಂಗಳಲ್ಲಿ ಅರಳು ಹುರಿದ ಹಾಗೆ ಕುಂದಾಪುರದ ಮಾತಾಡತೊಡಗಿದಳು. ಅಜ್ಜಿಯ ಸೆರಗು ಬಿಟ್ಟು ಅಲುಗಲಿಲ್ಲ. ಬರ್ಮಾದ ಒಂದು ಅಕ್ಷರವೂ ಅವಳ ನೆನಪಿನಲ್ಲಿ ಉಳಿಯಲಿಲ್ಲ. ಸೀತಮ್ಮ ಹಸನ್ಮುಖಿಯಾದರು. ಸುಗಂಧಿ ಅರೆಯುವ ಕಲ್ಲಿನ ಮುಂದೆ ತುಟಿ ಆಡಿಸತೊಡಗಿದ್ದು ಆಗ. ಆಣೆ ಇದ್ದದ್ದು ಮಾತು ಹೊರಡಬಾರದೆಂದು. ತುಟಿಯೊಳಗೇ ಇದ್ದರೆ ತಪ್ಪಲ್ಲ ಎಂದು ಅವಳು ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಮೊದಲು ಮ ಖಿನ್‌ನ ಕ್ಷೇಮ ಕೇಳುವುದು, ಆಮೇಲೆ ಮಿಕ್ಕವರದ್ದು, ಆಮೇಲೆ ಪಾಠ. ಗಂಗೊಳ್ಳಿಯ ಕಡೆಯಿಂದ ಗಾಳಿ ಬೀಸಿ ಒಣಮೀನಿನ ವಾಸನೆ ಬಂದರೆ ಸೀತಮ್ಮ ಮೂಗು ಮುಚ್ಚಿಕೊಂಡು ಕಿಟಕಿ ಎಳೆಯುತ್ತಿದ್ದರು. ಹುಟ್ಟಾ ಮೀನು ಮುಟ್ಟದ ಸುಗಂಧಿ ಆ ಗಾಳಿಯನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದಳು. ಮ ಖಿನ್ ಮನೆಯ ಅಡುಗೆಮನೆ ಥೇಟು ಹಾಗೆಯೇ ನಾರುತ್ತಿತ್ತು. ಒಂದು ಕಾಲದಲ್ಲಿ ವಾಕರಿಕೆ ತರಿಸಿದ ವಾಸನೆಗೆ ಈಗ ಕಣ್ಣಲ್ಲಿ ನೀರು ಬರುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಸ್ವಾತಂತ್ರ್ಯ ಬಂದ ವರ್ಷದ ನವರಾತ್ರಿ ಶುರುವಾದಾಗ ಗಂಗೊಳ್ಳಿಯ ಲೀಲಾಧರ ಮನೆಗೆ ಬಂದ. ಅವನ ಅಪ್ಪ ಅಜ್ಜ ಎಲ್ಲ ದೋಣಿಯವರು. ಅವನೊಬ್ಬ ನಾಲ್ಕಕ್ಷರ ಕಲಿತು ರಂಗೂನಿನ ಬಂದರಿನಲ್ಲಿ ಗುಮಾಸ್ತನಾಗಿದ್ದ. ಯುದ್ಧದಲ್ಲಿ ಕಾಡು ಗುಡ್ಡ ನಡೆದು ಜೀವ ಉಳಿಸಿಕೊಂಡು ಬಂದವನು. ಜಗಲಿಯಲ್ಲಿ ಸೀತಮ್ಮ ಬತ್ತಿ ಹೊಸೆಯುತ್ತ ಪದ್ದುವಿನ ಜೊತೆ ಮಾತಾಡುತ್ತಿದ್ದರು. ಊರಿನ ಶಾಲೆಯಲ್ಲೇ ಮಾಸ್ತರಿಕೆ ಹಿಡಿದಿದ್ದ ಕೃಷ್ಣಯ್ಯ ಉತ್ತರಪತ್ರಿಕೆ ತಿದ್ದುತ್ತಿದ್ದ.

"ಹ್ವಾಯ್ ಮಾಷ್ಟ್ರೆ, ಸಯಾಮ ಇದ್ರಾ?" ಎಂದ ಲೀಲಾಧರ.

"ಅದ್ಯಾರ್?" ಎಂದರು ಸೀತಮ್ಮ.

ಕೃಷ್ಣಯ್ಯ ಕಣ್ಣು ಮಿಟುಕಿಸಿ ತಡೆಯುವಷ್ಟರಲ್ಲಿ ಲೀಲಾಧರ ಹೇಳಿಯೇಬಿಟ್ಟ. "ನಿಮ್ ಸೊಸಿಯೇ ಅಮ್ಮ! ನಿಮ್ಗ್ ಗೊತ್ತಿಲ್ಯಾ? ರಂಗೂನಂಗೆ ಹೆಂಗ್ಸ್ರಿಗೆಲ್ಲ ಇಂಗ್ಲೀಷ್ ಕಲಿಸ್ತಿದ್ರ್. ಇಡೀ ಬೀದಿ ಸಯಾಮ ಸಯಾಮ ಅಂತಿತ್ತ್."

ಸೀತಮ್ಮನವರ ಕೈಯ ಬತ್ತಿ ಅರ್ಧಕ್ಕೇ ನಿಂತಿತು. ಮಗ ಈ ಸಂಗತಿಯನ್ನು ತಾಯಿಗೆ ಹೇಳಿರಲೇ ಇಲ್ಲ.

ಲೀಲಾಧರ ಬಂದ ಕಾರಣ ಇಷ್ಟು. ಊರಿನ ಕೆಲವರು ಸೇರಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕ್ಲಾಸು ತೆಗೆಯುವವರಿದ್ದರು. ಪೇಟೆಯಲ್ಲಿ ಮಾಳಿಗೆ ಕೋಣೆ ಸಿಕ್ಕಿತ್ತು. ಅವನ ತಂಗಿ ಪುಷ್ಪಳೂ ಸೇರಿ ಗಂಗೊಳ್ಳಿಯಿಂದಲೇ ಹುಡುಗಿಯರು ಹೊಳೆ ದಾಟಿ ಬರಲು ತಯಾರಿದ್ದರು. ಗಂಡಸು ಮಾಸ್ತರರಾದರೆ ಕಳಿಸುವುದಿಲ್ಲ ಎಂದು ತಾಯಂದಿರ ಹಟ. ಕಲಿಸಲು ಒಪ್ಪಿದ್ದ ಬ್ರಹ್ಮಾವರದ ಟೀಚರು ಮದುವೆಯಾಗಿ ಬೊಂಬಾಯಿಗೆ ಹೊರಟುಹೋಗಿದ್ದರು. ವಿಜಯದಶಮಿಗೆ ಪಾಠ ಶುರುವಾಗಬೇಕು. ಸುಗಂಧಿ ಆಗುವುದಿಲ್ಲವೆಂದರೆ ಕ್ಲಾಸೇ ಇಲ್ಲ.

"ಇಂಗ್ಲೀಷ್‌ನೋರೇ ಹೋದ್ರಲೆ, ಇನ್ ಇಂಗ್ಲೀಷ್ ಎಂತಕೆ?" ಎಂದಳು ಪದ್ದು.

"ಐದಾರ್ ವರ್ಷ ಆಯ್ತ್," ಎಂದು ಲೀಲಾಧರ ಬಾಗಿಲ ಕಡೆ ನೋಡಿದ. "ಸಯಾಮಂಗೆ ಮರ್ತ್ ಹೋಯ್ತಾ ಏನೋ ಅಂತ ನಂಗೊಂದ್ ಅನ್ಮಾನ."

ಬಾಗಿಲ ಹಿಂದೆ ನಿಂತಿದ್ದ ಸುಗಂಧಿ ಆಗ ಸುಮ್ಮನಿದ್ದಿದ್ದರೆ ಎಷ್ಟೋ ರಗಳೆ ತಪ್ಪುತ್ತಿತ್ತು. ಮರೆತಿದ್ದಾಳೆ ಎಂಬ ಒಂದು ಮಾತನ್ನು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ.

"ಮರೀಲಿಲ್ಲ," ಎಂದಳು. "ದಿನಾ ಅರೆವತ್ತಿಗೆ ಒಂದೊಂದ್ ಪಾಠ ಹೇಳ್ಕಂತೆ. ತುಟಿಯಂಗೇ."

ಪದ್ದುವಿನ ಕಣ್ಣು ನಿಧಾನಕ್ಕೆ ಅಗಲವಾಯಿತು. "ಹಂಗಾರೆ ಸೀತಕ್ಕ, ಅದ್ ಜಪ ಅಲ್ದಾ?"

ಸೀತಮ್ಮ ಬತ್ತಿಯ ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಊರೆಲ್ಲ ಡಂಗುರ ಸಾರಿದ್ದ ಜಪ ಒಂದೇ ಕ್ಷಣದಲ್ಲಿ ಮಣ್ಣುಪಾಲಾಗಿತ್ತು. ಅದೂ ಪದ್ದುವಿನ ಎದುರಿಗೆ!

ಮರುದಿನ ಕೃಷ್ಣಯ್ಯ ಅಪರೂಪಕ್ಕೆ ಧೈರ್ಯ ಮಾಡಿದ. ತಾಯಿಯ ಹತ್ತಿರ ಹೋಗಿ, "ಅಮ್ಮ, ಆಣೆ ಬಿಟ್‌ಬಿಡ್," ಎಂದ. ಈ ಕಡೆಯ ಪದ್ಧತಿ ಹಾಗೆ. ಆಣೆ ಹಾಕಿಸಿದವರೇ ಅದೇ ದೇವರ ಮುಂದೆ ಬಂದು ನಿಂತು ಬಿಟ್ಟೆ ಎನ್ನಬೇಕು. ಅವರು ಬಿಡದೆ ತೀರಿಕೊಂಡರೆ ಆಣೆ ಹಾಗೇ ಉಳಿಯುತ್ತದೆ, ಬಿಡಿಸುವವರು ಯಾರೂ ಇಲ್ಲ. ಸೀತಮ್ಮನವರಿಗೆ ಎಪ್ಪತ್ತು ದಾಟಿತ್ತು, ಮಳೆಗಾಲ ಬಂದರೆ ಎದೆ ಗೊರಗೊರ ಎನ್ನುತ್ತಿತ್ತು.

"ಬಿಡೂದಿಲ್ಲ," ಎಂದರು ಅವರು.

ಕೃಷ್ಣಯ್ಯ ಹೆಂಡತಿಯ ಹತ್ತಿರ ಬಂದ. "ಅಮ್ಮ ಬಿಡ್ದಿದ್ರೆ ಬೇಡ. ಮಾತಲ್ದಾ ಅದ್, ಗಾಳಿ. ನೀ ಹೋಯಿ ಕಲ್ಸ್. ದೇವ್ರ್ ಎಂತ ಕಚ್ಚೂದಿಲ್ಲ."

"ಹ್ವಾಯ್, ನಾ ದೇವ್ರಿಗ್ ಹೆದ್ರಿ ಸುಮ್ನಿದ್ದದ್ದಲ್ಲ," ಎಂದಳು ಸುಗಂಧಿ. "ಅತ್ತೆ ಕೈ ಹಿಡ್ದ್ ಹೇಳಿದ್ ಮಾತ್. ಅವ್ರ್ ಕೈ ಬಿಡ್ಕ್, ಆಗ್ಳೇ ನಾ ಬಾಯ್ ಬಿಡೂದ್."

ಕೃಷ್ಣಯ್ಯ ಉತ್ತರಪತ್ರಿಕೆಗಳ ಕಡೆಗೆ ಹಿಂತಿರುಗಿದ. ಸುಗಂಧಿ ಕಲ್ಲಿನ ಮುಂದೆ ಕೂತು ಅಕ್ಕಿ ಅರೆದಳು. ಆದರೆ ಆ ದಿನ ಅವಳ ತುಟಿ ಆಡಲಿಲ್ಲ. ಗುಟ್ಟು ಬಯಲಾದ ಮೇಲೂ ಆಡಿಸಿದರೆ ಅತ್ತೆಯ ಎದುರಿಗೇ ಅವರನ್ನು ಅಣಕಿಸಿದ ಹಾಗೆ ಅನ್ನಿಸಿತು. ತುಟಿ ಬಿಗಿಹಿಡಿದು ಕಲ್ಲು ತಿರುಗಿಸಿದಳು. ಎದೆಯೊಳಗೆ ಮ ಖಿನ್ ಬಂದು ಕೂತು, ಏಕೆ ಸಯಾಮ, ಇವತ್ತು ಪಾಠ ಇಲ್ಲವೇ ಎಂದು ಕೇಳುತ್ತಿದ್ದಳು. ಸುಗಂಧಿಗೆ ಅಳು ತಡೆಯಲಾಗಲಿಲ್ಲ. ಬಂದರಿನಲ್ಲಿ ಬಿಟ್ಟುಬಂದವಳನ್ನು ಈಗ ಎರಡನೇ ಸಲ ಬಿಟ್ಟ ಹಾಗಾಯಿತು.

ಮಾರನೇ ದಿನವೂ ಹಾಗೆಯೇ. ಅದರ ಮಾರನೇ ದಿನವೂ. ಸೀತಮ್ಮ ಅತ್ತಿಂದಿತ್ತ ಓಡಾಡುವ ನೆವದಲ್ಲಿ ಸೊಸೆಯ ಬಾಯಿ ನೋಡುತ್ತಿದ್ದರು. ಅವಳ ತುಟಿ ಆಡುವುದನ್ನು ನೋಡಿಯೇ ಅವರ ಬೆಳಗು ಶುರುವಾಗುತ್ತಿತ್ತು. ಈಗ ಬೆಳಗಾದದ್ದೇ ತಿಳಿಯುತ್ತಿರಲಿಲ್ಲ. ಪದ್ದು ಬೇಲಿಯಾಚೆಯಿಂದ, "ಎಂತ ಸೀತಕ್ಕ, ಸೊಸಿ ಜಪ ನಿಲ್ಸಿದ್ಲಾ?" ಎಂದಾಗ, "ನಿನ್ ಮನಿ ಕೆಲ್ಸ ಕಾಣ್ ಹೋಗ್," ಎಂದು ಗದರಿ ಕಳಿಸಿದರು. ನಾಲ್ಕನೆಯ ಬೆಳಿಗ್ಗೆ ಮುದುಕಿ ತಡೆಯಲಾರದೆ ಕಲ್ಲಿನ ಪಕ್ಕ ಮಣೆ ಎಳೆದುಕೊಂಡು ಕೂತರು.

"ದಿನಾ ಎಂತ ಹೇಳ್ತಿದ್ದೆ ನೀನ್?"

ಸುಗಂಧಿ ಕಲ್ಲು ನಿಲ್ಲಿಸಿದಳು. "ಮೊದ್ಲ್ ಅವ್ರೆಲ್ಲ ಹ್ಯಾಂಗಿದ್ರ್ ಅಂತ ಕೇಂತಿದ್ದೆ, ಅತ್ತೆ. ಮ ಖಿನ್ ಅಂತ ಒಬ್ಳ್ ಇದ್ಲ್. ಬೇಬಿನ್ ಎತ್ತಿ ಆಡ್ಸಿದೋಳ್. ಅವ್ಳ್ ಕಾಲ್ ನೋವ್ ಹ್ಯಾಂಗಿತ್ತ್, ಅಂಗ್ಡಿ ನಡಿತ್ತಾ, ಹೀಂಗೇ. ಮತ್ ಪಾಠ."

"ಅವ್ರೆಲ್ಲ ಬದ್ಕಿದ್ರಾ?"

"ಗೊತ್ತಿಲ್ಲ."

ಸೀತಮ್ಮ ಕಲ್ಲಿನ ಅಂಚಿಗೆ ಹತ್ತಿದ್ದ ಬಿಳಿ ಹಿಟ್ಟನ್ನು ಬೆರಳಿನಿಂದ ಬಳಿದು ಒಳಗೆ ಹಾಕಿದರು. ಆಮೇಲೆ ಹೇಳಿದರು, "ನೀವ್ ರಂಗೂನಿಗ್ ಹೋದ್ ಮೇಲೆ ನಾನೂ ಇದೇ ಕಲ್ಲ್ ಮುಂದ್ ಕೂತ್ಕಂಡ್ ಹಂಗೇ ಮಾಡ್ತಿದ್ದೆ, ಹೆಣೆ. ಕೃಷ್ಣ, ಉಂಡ್ಯಾ. ಕೃಷ್ಣ, ಜ್ವರ ಗಿರ ಇಲ್ಲಲೆ. ಅಂವ ಬದ್ಕಿದ್ನಾ ಇಲ್ಯಾ ನಂಗೂ ಗೊತ್ತಿರ್ಲಿಲ್ಲ. ಯಾರಾರೂ ಬಂದ್ ನಿನ್ ಬಾಯ್ ಮುಚ್ಚ್ ಅಂದಿದ್ರೆ ನಾ ಸತ್ ಹೋತಿದ್ದೆ."

ಸುಗಂಧಿ ಅತ್ತೆಯ ಮಣೆಯ ಹತ್ತಿರಕ್ಕೆ ಸರಿದು ಕೂತಳು.

"ನೀವ್ ಮತ್ತೆ ಅಲ್ಲಿಗ್ ಹೋತ್ರಾ?" ಮುದುಕಿಯ ಸ್ವರ ಸಣ್ಣದಾಯಿತು. ಇಷ್ಟು ವರ್ಷ ಅವರು ಹೆದರಿದ್ದು ಭಾಷೆಗಲ್ಲ. ಭಾಷೆ ಉಳಿದರೆ ದಾರಿಯೂ ಉಳಿಯುತ್ತದೆ, ದಾರಿ ಉಳಿದರೆ ಮಗ, ಸೊಸೆ, ಮೊಮ್ಮಗಳು ಮೂವರೂ ಮತ್ತೆ ಹಡಗು ಹತ್ತುತ್ತಾರೆ ಎಂದು.

ಸುಗಂಧಿ ಸುಳ್ಳು ಹೇಳಲಿಲ್ಲ. "ಮನ್ಸ್ ದಿನಾ ಹೋತ್ತ್, ಅತ್ತೆ. ನಾವ್ ಹೋಪ್ದಿಲ್ಲ."

ಸೀತಮ್ಮ ಸೊಸೆಯ ಹಿಟ್ಟಿನ ಕೈಯನ್ನೇ ಹಿಡಿದುಕೊಂಡು ಎದ್ದರು. "ಕೈ ತೊಳ್ಕೊ. ಹಟ್ಟಿಯಂಗಡಿಗ್ ಹೋಪ. ಭರತ ಏರ್ತಿತ್ತ್, ಕುಷ್ಟನ್ ದೋಣಿ ಸಿಕ್ಕತ್ತ್."

ಕಡಲಿನಿಂದ ಏರಿಬಂದ ಭರತದ ನೀರು ದೋಣಿಯನ್ನು ಹೊಳೆಯ ಮೇಲಕ್ಕೆ ಒತ್ತುತ್ತಿದ್ದುದರಿಂದ ದೋಣಿಯವ ಕುಷ್ಟನಿಗೆ ಬಿದಿರ ಜಲ್ಲೆ ಹೆಚ್ಚು ಹಾಕುವ ಕೆಲಸವಿರಲಿಲ್ಲ. ಗುಡಿಯಲ್ಲಿ ಭಟ್ಟರು ಹಣ್ಣುಕಾಯಿ ಮಾಡಿ ಆರತಿ ಎತ್ತಿದಾಗ ಸೀತಮ್ಮ ಸುಗಂಧಿಯ ಕೈಯನ್ನು ಹೊಸಿಲ ಮೇಲೆ ಇಟ್ಟು, ಅದರ ಮೇಲಿದ್ದ ತಮ್ಮ ಕೈಯನ್ನು ಎತ್ತಿದರು.

"ನಾ ಹಾಕ್ಸಿದ್ ಆಣೆ ನಾನೇ ಬಿಟ್ಟೆ, ದೇವ್ರೇ. ಹೆಣ್ಣಿನ್ ಮಾತ್ ಹೆಣ್ಣಿಗೇ ಇರ್ಲಿ."

ಹೊರಗೆ ಬಂದು ಹೊಳೆಯ ಮೆಟ್ಟಿಲ ಮೇಲೆ ಕೂತದ್ದೇ, "ಈಗ ಹೇಳ್, ನಾ ಕೇಣ್ಕ್," ಎಂದರು. ಸುಗಂಧಿ ಬಾಯಿ ತೆರೆದಳು. ಮೊದಲ ಮಾತು ಗೊಗ್ಗರಾಗಿ ಹೊರಟಿತು. ಆಮೇಲೆ ಸ್ವರ ಬಿಟ್ಟಿತು. ಗುಡ್ ಮಾರ್ನಿಂಗ್. ವಾಟ್ ಈಸ್ ಯುವರ್ ನೇಮ್? ದಿಸ್ ಈಸ್ ಗುಡ್ ಸಿಲ್ಕ್. ಒಂದು ಪಾಠ, ಅದರ ಹಿಂದೆ ಇನ್ನೊಂದು, ಎಲ್ಲವೂ ಸಾಲಾಗಿ ಬಂದವು. ಯಾವುದೂ ತಪ್ಪಿಹೋಗಿರಲಿಲ್ಲ. ವಿಜಯದಶಮಿಯ ಕ್ಲಾಸು ನಡೆಯುತ್ತದೆ! ಸುಗಂಧಿಗೆ ಎದ್ದು ಕುಣಿಯಬೇಕು ಅನ್ನಿಸಿತು.

"ಇದಲ್ಲ," ಎಂದರು ಸೀತಮ್ಮ. "ಇನ್ನೊಂದ್. ನಮ್ ಬೇಬಿ ಮಾತಾಡ್ತಿದ್ದದ್."

ಸುಗಂಧಿ ನಕ್ಕು, ದಿನಾ ಬೆಳಿಗ್ಗೆ ಮ ಖಿನ್‌ಗೆ ಮೊದಲು ಹೇಳುತ್ತಿದ್ದ ಮಾತನ್ನೇ ಹೇಳಿದಳು. "ಥಮಿನ್ ಸಾ ಪೀ ಬೀ ಲಾ?"

ಹೇಳಿದವಳೇ ಬೆಚ್ಚಿದಳು. ಶಬ್ದಗಳು ಇದ್ದವು, ಒಂದೂ ಕಳೆದಿರಲಿಲ್ಲ. ಆದರೆ ಇದು ಅದಲ್ಲ. ಆ ಭಾಷೆಯಲ್ಲಿ ಅದೇ ಶಬ್ದವನ್ನು ಸ್ವರ ಏರಿಸಿದರೆ ಒಂದು, ಇಳಿಸಿದರೆ ಇನ್ನೊಂದು, ತಟ್ಟನೆ ಕಡಿದರೆ ಮತ್ತೊಂದು. ಅದು ತುಟಿಯ ಭಾಷೆಯಲ್ಲ, ಗಂಟಲಿನ ಭಾಷೆ. ಇಷ್ಟು ವರ್ಷ ಅವಳು ತುಟಿಯನ್ನು ಕಾಪಾಡಿಕೊಂಡು ಗಂಟಲನ್ನು ಮುಚ್ಚಿಟ್ಟಿದ್ದಳು. ತುಟಿಯಲ್ಲಿ ಬದುಕುವ ಇಂಗ್ಲಿಷ್ ಉಳಿದಿತ್ತು. ಗಂಟಲಿನಲ್ಲಿ ಬದುಕುವ ಬರ್ಮಾದ ಮಾತು ಯಾವಾಗಲೋ ಸದ್ದಿಲ್ಲದೆ ಹೋಗಿಬಿಟ್ಟಿತ್ತು. ಈಗ ಬಂದದ್ದು ಅಚ್ಚ ಕುಂದಾಪುರದ ರಾಗ. ಮ ಖಿನ್ ಎದುರಿಗೆ ಕೂತಿದ್ದರೂ, ಏನು ಹೇಳುತ್ತೀ ಸಯಾಮ ಎಂದು ಕೇಳುತ್ತಿದ್ದಳು. ಸುಗಂಧಿ ಇನ್ನೊಮ್ಮೆ ಹೇಳಿದಳು. ಸ್ವರ ಏರಿಸಿದಳು, ಇಳಿಸಿದಳು. ಎಲ್ಲಿ ಏರಬೇಕಿತ್ತು ಎಂಬುದೇ ಕಿವಿಗೆ ನೆನಪಿರಲಿಲ್ಲ. ದಿನಾ ಬೆಳಿಗ್ಗೆ ಅವಳು ರಂಗೂನಿಗೆ ಹೋಗಿ ಬರುತ್ತಿದ್ದದ್ದು ಸುಳ್ಳು. ಅಲ್ಲಿಯವರಿಗೆ ಅವಳ ದನಿ ಎಂದೋ ಕೇಳುವುದು ನಿಂತಿತ್ತು.

"ಅಂದ್ರೆ ಎಂತ?" ಸೀತಮ್ಮ ಅವಳ ಮುಖವನ್ನೇ ನೋಡುತ್ತಿದ್ದರು.

"ಊಟ ಆಯ್ತಾ ಅಂಬ್ದ್, ಅತ್ತೆ. ಅಲ್ಲಿ ಯಾರ್ ಸಿಕ್ರೂ ಮೊದ್ಲ್ ಅದ್ನೇ ಕೇಂತ್ರ್."

"ಅಷ್ಟೇಯಾ?" ಸೀತಮ್ಮ ಬೆರಗಾದರು. "ಊಟ ಆಯ್ತಾ ಅಂತ್ಯಾ? ಅಯ್ಯೋ ರಾಮ, ಊಟ ಕೇಂಬೂ ಮಾತಿಗ್ ನಾ ಆಣೆ ಹಾಕ್ಸಿದ್ನಾ?" ಅವರ ಕಣ್ಣು ತುಂಬಿಕೊಂಡಿತು. ಸೆರಗಿನಿಂದ ಒರೆಸಿಕೊಂಡು, "ಚಂದ ಇತ್ತ್ ಮಾರಾಯ್ತಿ. ಇನ್ನೊಂದ್ ಸರ್ತಿ ಹೇಳ್, ನಾನೂ ಹೇಳ್ತೆ," ಎಂದರು.

ಸುಗಂಧಿ ಹೇಳಿದಳು. ಸೀತಮ್ಮ ಹಲ್ಲಿಲ್ಲದ ಬಾಯಲ್ಲಿ ಒಂದೊಂದೇ ಅಕ್ಷರ ಕಟ್ಟಿ, ಕುಂದಾಪುರದ ರಾಗದಲ್ಲಿ, ಅವಳು ಹೇಳಿದ ಹಾಗೆಯೇ ಹೇಳಿದರು. "ಸರಿ ಆಯ್ತಾ?"

ರಂಗೂನಿನಲ್ಲಿ ಅವಳು ಕಟ್ಟುನಿಟ್ಟಿನ ಸಯಾಮ. ಸರಿ ಬರುವವರೆಗೆ ಯಾರನ್ನೂ ಏಳಗೊಟ್ಟವಳಲ್ಲ.

"ಸರಿ ಆಯ್ತ್, ಅತ್ತೆ," ಎಂದಳು.

ಭರತ ಇಳಿಯುತ್ತಿದೆಯೆಂದು ಕುಷ್ಟ ಕೂಗಿದ. ಸೀತಮ್ಮ ದೋಣಿಗೆ ಕಾಲಿಡುತ್ತಲೇ ಅವನಿಗೆ, "ಥಮಿನ್ ಸಾ ಪೀ ಬೀ ಲಾ?" ಎಂದರು. ಅವನು ಜಲ್ಲೆ ಹಿಡಿದುಕೊಂಡು ಬಾಯಿಬಿಟ್ಟು ನೋಡಿದ. "ಎಂತ ಅಮ್ಮಾ?"

"ಊಟ ಆಯ್ತಾ ಅಂತ ಕೇಂಡದ್ ಮಾರಾಯ. ರಂಗೂನ್ ಭಾಷಿ. ನನ್ ಸೊಸಿ ಕಲ್ಸದ್ದ್," ಎಂದರು ಸೀತಮ್ಮ. ಪದ್ದುವಿಗೆ ಯಾವಾಗ ಹೇಳುತ್ತೇನೋ ಎಂಬ ಅವಸರ ಅವರ ಮುಖದಲ್ಲಿ ಕಾಣುತ್ತಿತ್ತು.

ಸುಗಂಧಿಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಅತ್ತೆಗೆ ಕಾಣಬಾರದೆಂದು ಹೊಳೆಯ ಕಡೆ ಮುಖ ತಿರುಗಿಸಿಕೊಂಡಳು. ಸೀತಮ್ಮ ಬಿಡಲಿಲ್ಲ, ತೊಡೆ ತಟ್ಟಿ ಮುಂದಿನ ಮಾತು ಹೇಳಿಕೊಡೆಂದರು. ಸುಗಂಧಿ ಹೇಳಿಕೊಟ್ಟಳು. ರಂಗೂನಿನ ಯಾರಿಗೂ ತಿಳಿಯದ ಆ ರಂಗೂನಿನ ಮಾತನ್ನು ಈಗ ಲೋಕದಲ್ಲಿ ಇಬ್ಬರೇ ಆಡುತ್ತಿದ್ದರು, ಇಬ್ಬರೂ ಕುಂದಾಪುರಕ್ಕೆ ಹೊರಟಿದ್ದರು.